ಎದೆನೋವು ಬಂದಾಗ ವಾಚ್ ನೋಡುತ್ತ ಕೂರಬೇಡಿ

ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಅಪ್ಪ-ಅವ್ವನಿಗೆ ಸ್ಮಾರ್ಟ್ ವಾಚ್ ತರುವುದು ಈಗ ಖಾನಾಪುರ ತಾಲೂಕಿನ ಹಳ್ಳಿಗಳಲ್ಲೂ ಹೊಸದೇನಲ್ಲ. ಅದು ಪ್ರೀತಿಯ ಉಡುಗೊರೆ. ನನ್ನ ತಕರಾರು ವಾಚಿನ ಮೇಲಲ್ಲ. ಪರದೆಯಲ್ಲಿ 76 ಎಂದು ಕಂಡ ಕೂಡಲೇ 'ಹೃದಯ ಗಟ್ಟಿ ಐತಿ, ದವಾಖಾನಿಗೆ ಯಾಕ ಹೋಗೂದು' ಎನ್ನುವ ನಂಬಿಕೆಯ ಮೇಲೆ.

ವಾಚಿನ ಬೆನ್ನಿಗೆ ಮಿನುಗುವ ಹಸಿರು ಬೆಳಕನ್ನು ನೋಡಿದ್ದೀರಲ್ಲ? ಆ ಬೆಳಕನ್ನು ಚರ್ಮದ ಕೆಳಗಿನ ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ನುಗ್ಗಿ ಬಂದಾಗ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿ ನಿಮಿಷಕ್ಕೆ ಎಷ್ಟು ಬಡಿತ ಎಂದು ವಾಚ್ ಹೇಳುತ್ತದೆ. ಅದರ ಕೆಲಸ ಅಷ್ಟೇ.

ಹೃದಯಾಘಾತ ಬೇರೆಯೇ ವಿಷಯ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು ಅದು. ನಾಳ ಕಟ್ಟಿದಾಗಲೂ ಬಡಿತ 76 ಇರಬಹುದು, 80 ಇರಬಹುದು. ಮೋಟರ್ ತಿರುಗುವ ಸದ್ದು ಕೇಳಿ ಪೈಪಿನಲ್ಲಿ ಕಸ ಸಿಕ್ಕಿದೆಯೋ ಇಲ್ಲವೋ ಹೇಳಲಾದೀತೇ? ಇಸಿಜಿ ಇದೆ ಎಂದು ಮಾರುವ ದುಬಾರಿ ವಾಚ್‌ಗಳೂ ಬಡಿತದ ಲಯ ನೋಡುತ್ತವೆಯೇ ಹೊರತು ಹೃದಯಾಘಾತ ಪತ್ತೆ ಮಾಡುವುದಿಲ್ಲ. ದವಾಖಾನೆಯ ಇಸಿಜಿ ಎದೆ, ಕೈ, ಕಾಲಿಗೆ ತಂತಿ ಹಚ್ಚಿ ಹೃದಯವನ್ನು 12 ಕೋನಗಳಿಂದ ನೋಡುತ್ತದೆ.

ಹಾಗಾದರೆ ವಾಚ್ ದಂಡವೇ? ಅಲ್ಲ. ಬಡಿತದಲ್ಲಿ ಆಗುವ ಬದಲಾವಣೆ ಗುರುತಿಸಲು ಅದು ಉಪಯೋಗಿ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಅಂಕಿ ನೋಡಿ, ಎರಡು ವಾರ ಬರೆದಿಡಿ. ವಿಶ್ರಾಂತಿಯಲ್ಲಿದ್ದಾಗ 60ರಿಂದ 100 ಸಾಮಾನ್ಯ. ಸುಮ್ಮನೆ ಕುಳಿತಾಗಲೂ ಪದೇಪದೇ 100 ದಾಟಿದರೆ, ಅಥವಾ ಬಡಿತ ತೀರ ಇಳಿದು ತಲೆ ಸುತ್ತಿದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಬಿಪಿಯ ಕೆಲವು ಗುಳಿಗೆಗಳು ಬಡಿತವನ್ನು ಇಳಿಸುತ್ತವೆ. ಅಂಕಿ ಕಡಿಮೆ ಬಂತೆಂದು ನೀವೇ ಗುಳಿಗೆ ನಿಲ್ಲಿಸಬೇಡಿ.

ವಾಚ್ ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡು ನಾಡಿ ಎಣಿಸಿ, ಎರಡರಿಂದ ಗುಣಿಸಿ. ವಾಚಿನ ಅಂಕಿ ಅದರ ಹತ್ತಿರ ಇರಬೇಕು. ಆಮೇಲೆ ಅದನ್ನೇ ಒಂದು ತೆಂಗಿನಕಾಯಿಗೆ ಕಟ್ಟಿ ನೋಡಿ. ಕೆಲವು ವಾಚ್‌ಗಳು ಕಾಯಿಗೂ ಬಡಿತ ತೋರಿಸುತ್ತವೆ! ಅಂಥ ಅಂಕಿಯನ್ನು ನಂಬುವುದು ಹೇಗೆ?

ವಾಚನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಅಲುಗಾಡದಂತೆ, ಆದರೆ ಚರ್ಮದಲ್ಲಿ ಗೆರೆ ಮೂಡದಂತೆ ಕಟ್ಟಿ. ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಆ ಜಾಗದಲ್ಲಿ ಹಚ್ಚೆ ಇದ್ದರೆ ಅಂಕಿ ತಪ್ಪುತ್ತದೆ. ನಾಟಿ ಮಾಡುವಾಗ, ಇಟ್ಟಿಗೆ ಹೊರುವಾಗ ಕೈ ಅಲುಗಾಡುವುದರಿಂದ ಆಗ ಬರುವ ಅಂಕಿಯನ್ನು ಪೂರ್ತಿ ನಂಬಬೇಡಿ.

ನಮ್ಮ ಮಳೆಗಾಲದಲ್ಲಿ ಪಟ್ಟಿಯ ಕೆಳಗೆ ನೀರು, ಬೆವರು ನಿಂತು ಚರ್ಮ ಕೆಂಪಾಗಿ ತುರಿಸುತ್ತದೆ. ದಿನಕ್ಕೊಮ್ಮೆ ಬಿಚ್ಚಿ ಕೈ ತೊಳೆದು ಒರೆಸಿ. ವಾಚಿನ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೆಸರು, ಎಣ್ಣೆ ಕೂತರೆ ಬೆಳಕು ಸರಿಯಾಗಿ ತಾಗುವುದಿಲ್ಲ. ಔಷಧಿ ಹೊಡೆಯುವಾಗ ತೆಗೆದಿಡಿ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಉಬ್ಬಿ ಬೆನ್ನು ಎದ್ದಿದ್ದರೆ ಬಳಸುವುದನ್ನೇ ನಿಲ್ಲಿಸಿ.

ಈಗ ಮುಖ್ಯ ಮಾತು. ಎದೆ ಹಿಂಡಿದಂತಾದರೆ, ನೋವು ಎಡಗೈಗೆ, ಬೆನ್ನಿಗೆ, ದವಡೆಗೆ ಹರಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ ವಾಚ್ ಏನೇ ತೋರಿಸಲಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಣ್ಣುಮಕ್ಕಳಿಗೆ ನೋವು ಜೋರಾಗಿರದೆ ಬರೀ ಸುಸ್ತು, ವಾಕರಿಕೆ ಇರಬಹುದು. 'ಗ್ಯಾಸ್ ಆಗಿರಬೇಕು' ಎಂದು ರಾತ್ರಿ ಕಳೆಯಬೇಡಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರು. ದಿನವೂ ವ್ಯಾಯಾಮ ಮಾಡುತ್ತಿದ್ದ ಮೈ ಅದು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2024ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಯೋಜನೆಯಡಿ ತಾಲೂಕು ಮಟ್ಟದ ದವಾಖಾನೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ದವಾಖಾನೆಯಲ್ಲಿ ಇದು ರಾತ್ರಿಯೂ ಸಿಗುತ್ತದೆಯೇ? ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ಆದರೆ ದವಾಖಾನೆ ಮುಟ್ಟುವುದು ಹೇಗೆ? 2024ರ ಜುಲೈ ಮಳೆಯಲ್ಲಿ, ಭೀಮಗಡ ಕಾಡಿನ ಆಮಗಾಂವ್ ಜನ ಅಸ್ವಸ್ಥ ಮಹಿಳೆಯೊಬ್ಬರನ್ನು ಕಟ್ಟಿಗೆಯ ಸ್ಟ್ರೆಚರ್ ಮೇಲೆ ಹೊತ್ತು, ಚಿಖಲೆಯವರೆಗೆ ಕಿಲೋಮೀಟರ್‌ಗಟ್ಟಲೆ ನಡೆದರು. ಆಂಬುಲೆನ್ಸ್ ಅಲ್ಲಿವರೆಗೆ ಮಾತ್ರ ಬರಲು ಸಾಧ್ಯವಿತ್ತು. ಅಂಥ ಊರಲ್ಲಿ ಕೈಗೆ ವಾಚ್ ಕಟ್ಟಿ 'ಆರೋಗ್ಯ ನಿಮ್ಮ ಕೈಯಲ್ಲಿದೆ' ಎಂದರೆ ಅದು ಅಣಕ.

ಆದ್ದರಿಂದ ವಾಚ್ ತರುವ ಮಕ್ಕಳಲ್ಲಿ ಒಂದು ಕೋರಿಕೆ. ಆ ಹಬ್ಬದಲ್ಲೇ ಅಪ್ಪ-ಅವ್ವನನ್ನು ಕರೆದೊಯ್ದು ಬಿಪಿ, ಸಕ್ಕರೆ, ಇಸಿಜಿ ಮಾಡಿಸಿ. ಮಧ್ಯರಾತ್ರಿ ಯಾರ ಗಾಡಿ ಸಿಗುತ್ತದೆ ಎಂದು ಮಾತಾಡಿ, ಆ ನಂಬರನ್ನು ಗೋಡೆಯ ಮೇಲೆ ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಎಲ್ಲಿವರೆಗೆ ಬರುತ್ತದೆ?