ದೂರ, ಸಮಯ ಮತ್ತು ಮರೆತ ಲೆಕ್ಕ

ಎರಡು ವಿಮಾನ ನಿಲ್ದಾಣಗಳ ನಡುವಿನ ದಾರಿಯನ್ನು ಜನ ಎರಡೇ ಅಂಕಿಗಳಲ್ಲಿ ಅಳೆಯುತ್ತಾರೆ: ಎಷ್ಟು ಕಿಲೋಮೀಟರ್, ಎಷ್ಟು ಗಂಟೆ. ಆ ದಾರಿ ಎಷ್ಟು ಇಂಧನವನ್ನು ನುಂಗುತ್ತದೆ ಎಂಬ ಮೂರನೆಯ ಅಂಕಿಯನ್ನು ಕೇಳುವವರು ವಿರಳ.

ಸಿಂಗಪುರ ಮತ್ತು ನ್ಯೂಯಾರ್ಕ್ ಸಮೀಪದ ನೆವಾರ್ಕ್ ನಿಲ್ದಾಣಗಳ ನಡುವಿನ ನೇರ ಹಾರಾಟ ಇದಕ್ಕೆ ತಕ್ಕ ನಿದರ್ಶನ. ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಇವುಗಳ ಅಂತರ ಸುಮಾರು 15,300 ಕಿ.ಮೀ. ಆದರೆ ವಿಮಾನ ದಾರದ ಗುಂಟ ಹಾರುವುದಿಲ್ಲ. ಅನುಕೂಲದ ಗಾಳಿಯನ್ನು ಅರಸಿ ಬಳಸುದಾರಿ ಹಿಡಿಯುತ್ತದೆ. 2018ರ ಅಕ್ಟೋಬರಿನಲ್ಲಿ ಈ ಸೇವೆ ಆರಂಭವಾದಾಗ ಸಿಂಗಪುರ ಏರ್‌ಲೈನ್ಸ್ ಪ್ರಕಟಿಸಿದ ದೂರ ಸುಮಾರು 16,700 ಕಿ.ಮೀ., ಸಮಯ ಹೆಚ್ಚೆಂದರೆ 18 ಗಂಟೆ 45 ನಿಮಿಷ. ಇದೇ ಮಾರ್ಗದಲ್ಲಿ 2004ರಲ್ಲಿ ಆರಂಭವಾಗಿದ್ದ ಹಿಂದಿನ ಸೇವೆ 2013ರಲ್ಲಿ ನಿಂತಿತ್ತು. ಅಂದಿನ ನಾಲ್ಕು ಎಂಜಿನ್‌ಗಳ ವಿಮಾನದ ಇಂಧನ ವೆಚ್ಚ ದೊಡ್ಡ ಹೊರೆಯಾಗಿತ್ತು.

ಹೊಸ ವಿಮಾನಕ್ಕೆ ಎಂಜಿನ್‌ಗಳು ಎರಡೇ. ಆದರೂ ಅದರ ಟ್ಯಾಂಕುಗಳಿಗೆ 1,65,000 ಲೀಟರ್ ಇಂಧನ ಹಿಡಿಯುತ್ತದೆ. ಆಸನಗಳು ಕೇವಲ 161. ಅವುಗಳಲ್ಲಿ ಸಾಮಾನ್ಯ ದರ್ಜೆಯ ಆಸನ ಒಂದೂ ಇಲ್ಲ. ಒಂದು ಹಾರಾಟಕ್ಕೆ ನೂರು ಟನ್ ಇಂಧನ ಉರಿಯುತ್ತದೆಂದು ಹಿಡಿದರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 316 ಟನ್. ಎಲ್ಲ ಆಸನಗಳೂ ತುಂಬಿದ್ದರೂ ತಲೆಗೆ ಎರಡು ಟನ್ನಿನಷ್ಟಾಯಿತು, ಅದೂ ಹೋಗುವುದಕ್ಕೆ ಮಾತ್ರ. ಭಾರತದ ಒಬ್ಬ ಪ್ರಜೆಯ ಸರಾಸರಿ ಪಾಲು ಇಡೀ ವರ್ಷಕ್ಕೆ ಹೆಚ್ಚುಕಡಿಮೆ ಇಷ್ಟೇ!

ನಿಲ್ಲದೆ ಹಾರುವ ವಿಮಾನ ಕೊನೆಯ ಗಂಟೆಯ ಇಂಧನವನ್ನು ಮೊದಲ ಗಂಟೆಯಿಂದಲೇ ಹೊತ್ತು ಸಾಗಬೇಕು. ಆ ಭಾರವನ್ನು ಹೊರಲೆಂದೇ ಮತ್ತಷ್ಟು ಇಂಧನ ಉರಿಯಬೇಕು. ದಾರಿ ಹೆಚ್ಚು ಬಳಸದಂತೆ ನಡುವೆ ಒಮ್ಮೆ ಇಳಿದು ತುಂಬಿಸಿಕೊಂಡರೆ ಇಷ್ಟು ದೀರ್ಘ ಪಯಣದಲ್ಲಿ ಉಳಿತಾಯ ಸಾಧ್ಯ. ಹೀಗಿದ್ದೂ ಕೆಲವು ಗಂಟೆಗಳ ಉಳಿತಾಯಕ್ಕೆ ಬೆಲೆಯಿದೆ, ವಾತಾವರಣಕ್ಕಿಲ್ಲ.

ಇದು ಪ್ರಯಾಣಿಕನೊಬ್ಬನ ತಪ್ಪಲ್ಲ. ದೂರದೇಶದಲ್ಲಿರುವ ಮಗ ತಾಯಿಯ ಕಾಯಿಲೆಯ ಸುದ್ದಿ ಕೇಳಿ ಹೊರಟರೆ ಅವನನ್ನು ತಡೆಯುವುದು ನ್ಯಾಯವೂ ಅಲ್ಲ. ದೋಷವಿರುವುದು ವ್ಯವಸ್ಥೆಯಲ್ಲಿ. 1944ರ ಶಿಕಾಗೋ ಒಪ್ಪಂದ ಮತ್ತು ಅದರ ನಂತರ ದೇಶದೇಶಗಳ ನಡುವೆ ಆದ ಕರಾರುಗಳು ಅಂತರರಾಷ್ಟ್ರೀಯ ಹಾರಾಟದ ಇಂಧನವನ್ನು ಬಹುಮಟ್ಟಿಗೆ ತೆರಿಗೆಯಿಂದ ಹೊರಗಿಟ್ಟವು. 1997ರ ಕ್ಯೋಟೋ ಒಪ್ಪಂದವೂ ಈ ಹೊಗೆಯನ್ನು ದೇಶಗಳ ಗುರಿಯೊಳಗೆ ಸೇರಿಸಲಿಲ್ಲ. 2016ರಲ್ಲಿ ಒಪ್ಪಿಗೆಯಾದ ಅಂತರರಾಷ್ಟ್ರೀಯ ಯೋಜನೆ ಹೆಚ್ಚಳವನ್ನಷ್ಟೇ ಬೇರೆಡೆ ಸರಿದೂಗಿಸಲು ಹೇಳುತ್ತದೆ. ಹೊಲಕ್ಕೆ ನೀರೆತ್ತುವ ರೈತ ಡೀಸೆಲ್‌ಗೆ ತೆರಿಗೆ ಕಟ್ಟುವಾಗ, ಖಂಡ ದಾಟುವ ಇಂಧನಕ್ಕೆ ಈ ರಿಯಾಯಿತಿ ಏಕೆ?

ಆಗಬೇಕಾದ್ದು ಎರಡು. ಪ್ರತಿ ಟಿಕೆಟ್ಟಿನಲ್ಲಿ ದೂರ ಮತ್ತು ಸಮಯದ ಪಕ್ಕದಲ್ಲೇ ಇಂಗಾಲದ ಲೆಕ್ಕವೂ ಮುದ್ರಣವಾಗಬೇಕು. ವಿಮಾನದ ಇಂಧನ ಉಳಿದ ಇಂಧನಗಳಂತೆ ತೆರಿಗೆಗೆ ಒಳಪಡಬೇಕು. ಗಂಟೆಗಳನ್ನು ಉಳಿಸಿಕೊಳ್ಳುವವರು ಅದರ ಬೆಲೆಯನ್ನೂ ತೆರಲಿ. ಒಮ್ಮೆಯೂ ವಿಮಾನ ಹತ್ತದವರ ತಲೆಗೆ ಅದನ್ನು ಕಟ್ಟುವುದು ಸಲ್ಲದು.