ಕರ್ಚೀಫ್ ಹಾಕಿದ್ರೆ ಸೀಟು ನಿಮ್ಮದಾಗುತ್ತಾ?

(1/6)
ಬಿಡದಿ ಟ್ರಿಪ್‌ನ ಫೋಟೋಗಳನ್ನ ಕ್ಲಾಸಲ್ಲಿ ಎಲ್ಲರೂ ಹಾಕಿ ಮುಗಿಸಿದ್ದಾರೆ. ವೇವ್ ಪೂಲ್, ರೋಲರ್ ಕೋಸ್ಟರ್ ಮೇಲೆ ಕಿರುಚಿದ್ದು, ಬೆಳಿಗ್ಗೆ ತಿಂದ ತಟ್ಟೆ ಇಡ್ಲಿ, ಎಲ್ಲಾ ಬಂತು. ಯಾರೂ ಹಾಕದೇ ಇರೋದು ಒಂದೇ, ವಾಪಸ್ ಬಂದ ಬಸ್ಸಿನ ಫೋಟೋ. ಅದನ್ನ ನಾನು ಹಾಕ್ತಾ ಇದೀನಿ. ಯಾರ ಮುಖವೂ ಇಲ್ಲ, ಝೂಮ್ ಮಾಡಿ ಹುಡುಕಬೇಡಿ. ಕಾಣೋದು ಇಷ್ಟೇ: ಒಂದು ಸೀಟಿನ ಮೇಲೆ ಕರ್ಚೀಫು, ಪಕ್ಕದ್ದರ ಮೇಲೆ ಒದ್ದೆ ಟವೆಲ್ಲು, ಹಿಂದಿನದರಲ್ಲಿ ಒಂದು ಬ್ಯಾಗು. ಬಸ್ಸು ಸರಿಯಾಗಿ ನಿಲ್ಲೋ ಮೊದಲೇ ಕಿಟಕಿಯಿಂದ ಒಳಗೆ ಬಿದ್ದವು ಇವೆಲ್ಲ. ಹತ್ತಿದವರು ನೋಡಿದ್ರು, ಏನೂ ಮಾತಾಡದೆ ಕಂಬಿ ಹಿಡ್ಕೊಂಡು ನಿಂತ್ರು. ಕರ್ಚೀಫಿಗೆ ಅಷ್ಟು ಮರ್ಯಾದೆ ನಮ್ಮೂರಲ್ಲಿ. ಮನುಷ್ಯರಿಗೆ ಅಷ್ಟಿಲ್ಲ.

ನಾನು ಹೇಳ್ತಿರೋದು ಚಿಕ್ಕ ವಿಷಯ ಅಂತ ನಿಮಗೆ ಅನ್ನಿಸಬಹುದು. ಒಂದು ಗಂಟೆಯ ದಾರಿ, ಒಂದು ಸೀಟು, ಅಷ್ಟಕ್ಕೆ ಆರು ಕ್ಯಾಪ್ಷನ್ನಾ ಅಂತ. ಹೌದು, ಆರು. ಸ್ವೈಪ್ ಮಾಡಿ.

(2/6)
ಮೊದಲನೇ ಡೈಲಾಗ್: 'ನಾನು ದುಡ್ಡು ಕೊಟ್ಟಿದೀನಿ.'

ಸರಿ. ಬ್ಯಾಗಿನ ತಳದಲ್ಲಿ ಮುದುಡಿಕೊಂಡಿರೋ ಆ ಟಿಕೆಟ್ ತೆಗೆದು ಓದಿ. ಎಲ್ಲಿಂದ ಎಲ್ಲಿಗೆ ಅಂತ ಇದೆ, ದರ ಇದೆ. ಸೀಟ್ ನಂಬರ್ ಇದೆಯಾ? ಆರ್ಡಿನರಿ ಬಸ್ಸಿನ ಟಿಕೆಟ್‌ನಲ್ಲಿ ಅದು ಇರಲ್ಲ. ನೀವು ಕೊಂಡಿರೋದು ಪ್ರಯಾಣವನ್ನ, ಸೀಟನ್ನಲ್ಲ. ಕಾಂಟ್ರಾಕ್ಟ್ ಆಕ್ಟ್ 1872 ಅಂತ ವರ್ಷ ಸಮೇತ ಬಾಯಿಪಾಠ ಮಾಡಿ ಪಾಸಾದ ಕ್ಲಾಸು ನಮ್ಮದು. ಕಾಂಟ್ರಾಕ್ಟಲ್ಲಿ ಇಲ್ಲದ ಷರತ್ತನ್ನ ಬಸ್ ಹತ್ತಿದ ಮೇಲೆ ಸೇರಿಸಿಕೊಳ್ಳೋಕೆ ಬರುತ್ತಾ?

ಇದರ ಹಿಂದೇನೇ ಬರೋ ಇನ್ನೊಂದು ಡೈಲಾಗ್ ಇದೆ, ಅದು ಕೇಳಿದ್ರೆ ಮೈ ಉರಿಯುತ್ತೆ. 'ಫ್ರೀಯಾಗಿ ಬರೋರು ನಿಂತ್ಕೊಂಡು ಬರಲಿ.' ನಾನು ಹುಡುಗಿ, ಶೂನ್ಯ ಟಿಕೆಟ್‌ನಲ್ಲೇ ಬಂದವಳು, ಹಾಗಾಗಿ ಪಕ್ಷಪಾತ ಅಂತೀರ. ಅನ್ನಿ. ಆದ್ರೆ ಲೆಕ್ಕ ನೋಡಿ. 'ಶಕ್ತಿ' ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅವತ್ತಿಂದ ಹೆಂಗಸರಿಗೆ ಕೊಡೋ ಪ್ರತಿ ಶೂನ್ಯ ಟಿಕೆಟ್‌ನ ದುಡ್ಡನ್ನ ಸರ್ಕಾರ ಸಾರಿಗೆ ನಿಗಮಕ್ಕೆ ಕಟ್ಟಿಕೊಡಬೇಕು. ಅಂದ್ರೆ ಆ ಟಿಕೆಟ್‌ಗೂ ಬೆಲೆ ಇದೆ, ಕೊಡೋ ಕೈ ಮಾತ್ರ ಬೇರೆ. ಕ್ಯಾಶ್ ಕೈಗೆ ಬಂದಿಲ್ಲ ಅಂದ್ರೆ ಸೇಲೇ ಆಗಿಲ್ಲ ಅಂತ ಅಕೌಂಟ್ಸ್ ಪೇಪರಲ್ಲಿ ಬರೆದು ನೋಡಿ, ಎಷ್ಟು ಮಾರ್ಕ್ಸ್ ಬರುತ್ತೆ ಅಂತ. ಇನ್ನು ಆ 'ಅರ್ಧ ಸೀಟು ಗಂಡಸರಿಗೆ' ಅನ್ನೋ ನಿಯಮ. ಆದೇಶದಲ್ಲಿ ಅದು ಇರೋದು ಬೇರೆ ಮೂರು ನಿಗಮಗಳ ಬಸ್ಸಿಗೆ, ಬಿಎಂಟಿಸಿಯನ್ನ ಅದರಿಂದ ಹೊರಗಿಟ್ಟಿದ್ದಾರೆ. ಸಿಟಿ ಬಸ್ಸಲ್ಲಿ ನಿಂತು ಆ ರೂಲ್ ಹೇಳೋರು ಅದನ್ನ ಪೂರ್ತಿ ಓದಿಲ್ಲ ಅಂತ ಅರ್ಥ.

ಒಂದು ಅನುಮಾನ ಇದೆ ನನಗೆ. ಇಡೀ ದಿನ ಇದ್ದ ಜಾಗದ ಗುಂಗು ಬಸ್ಸಿಗೂ ಬರುತ್ತೆ. ವಂಡರ್‌ಲಾದಲ್ಲಿ ಜಾಸ್ತಿ ದುಡ್ಡು ಕೊಟ್ರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತೆ, ಉದ್ದದ ಕ್ಯೂ ತಪ್ಪುತ್ತೆ. ತಪ್ಪೇನಿಲ್ಲ, ಅದು ಅವರ ವ್ಯಾಪಾರ, ನಮ್ಮಲ್ಲೂ ಇಬ್ಬರು ತಗೊಂಡಿದ್ರು. ಆದ್ರೆ ಗೇಟಿನ ಹೊರಗೆ ಬಂದು ಬಸ್ ಹತ್ತಿದ ಮೇಲೆ ಆ ಲೆಕ್ಕ ಮುಗೀತು. ಇಲ್ಲಿ ಫಾಸ್ಟ್‌ಟ್ರ್ಯಾಕ್ ಇಲ್ಲ ಕಣ್ರೋ. ಮೆಜೆಸ್ಟಿಕ್‌ಗೆ ಹೋಗೋರೆಲ್ಲ ಒಂದೇ.

(3/6)
ಎರಡನೇ ಡೈಲಾಗ್: 'ನಮಗೂ ಸುಸ್ತಾಗಿದೆ.'

ಇದನ್ನ ಸುಳ್ಳು ಅನ್ನಲ್ಲ. ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತು, ನೀರಲ್ಲಿ ನೆಂದು, ಕಾಲು ಬಿದ್ದುಹೋಗಿತ್ತು, ನಂದೂ. ಆದ್ರೆ ಆ ಬಸ್ಸಿಗೆ ನಮ್ಮ ಜೊತೆ ಇನ್ಯಾರು ಹತ್ತಿದ್ರು ಅಂತ ಎಷ್ಟು ಜನ ನೋಡಿದ್ರಿ?

ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿಕೊಂಡ ಒಬ್ಬರು ಅಕ್ಕ ಹತ್ತಿದ್ರು, ನಮ್ಮಮ್ಮನ ವಯಸ್ಸು. ಕೈಯಲ್ಲಿ ಟಿಫನ್ ಡಬ್ಬಿಯ ಚೀಲ. ಮಧ್ಯಾಹ್ನ ನಾವು ಒದ್ದೆ ಕಾಲಲ್ಲಿ ಓಡಾಡಿದ ನೆಲವನ್ನ ಮಾಪ್ ಹಿಡಿದು ಒರೆಸ್ತಾ ಇದ್ದವರು ಅವರೇ. ನಮ್ಮ ಗ್ಯಾಂಗಿನ ಮಧ್ಯೆ, ಕರ್ಚೀಫ್ ಹಾಕಿದ ಸೀಟಿನ ಪಕ್ಕದಲ್ಲೇ ನಿಂತ್ರು. ಸೀಟಿನ ಯಜಮಾನ ಬಂದು ಕೂತ, ಇಯರ್‌ಫೋನ್ ಸಿಗಿಸಿದ, ಕಣ್ಣು ಮುಚ್ಚಿದ. ನಿದ್ದೆ ಬಂದಿರಲಿಲ್ಲ ಅವನಿಗೆ, ರೀಲ್ಸ್ ಸೌಂಡ್ ಹೊರಗೆ ಕೇಳ್ತಿತ್ತು. ಮುಂದಿನ ಬಾಗಿಲಿನ ಹತ್ರ ಒಬ್ಬ ಅಪ್ಪ, ಮಲಗಿದ ಮಗುವನ್ನ ಹೆಗಲ ಮೇಲೆ ಹಾಕ್ಕೊಂಡು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಗು. ಪ್ರತಿ ಬ್ರೇಕಿಗೂ ಮಗುವಿನ ತಲೆ ಕಂಬಿಗೆ ತಾಗದ ಹಾಗೆ ಅವರು ಇಡೀ ಮೈ ತಿರುಗಿಸಿ ನಿಲ್ತಾ ಇದ್ರು. ಕುಂಬಳಗೋಡು ದಾಟೋವರೆಗೂ ಒಬ್ಬರೂ ಏಳಲಿಲ್ಲ.

ನಾವು ಸುಸ್ತಾಗಿದ್ದು ಆಟ ಆಡಿ. ಆ ಅಕ್ಕ ಸುಸ್ತಾಗಿದ್ದು ನಾವು ಆಡೋ ಜಾಗ ತೊಳೆದು. ಎರಡೂ ಒಂದೇ ಸುಸ್ತು ಅಂತ ಯಾವ ಮುಖ ಇಟ್ಕೊಂಡು ಹೇಳ್ತೀರ? ಮಾರನೇ ದಿನ ನಾವು ಬಂಕ್ ಹೊಡೆದು ಮಲಗಿದ್ವಿ. ಅವರಿಗೆ ಬೆಳಿಗ್ಗೆ ಮತ್ತೆ ಅದೇ ಬಸ್ಸು. ಮಾರ್ಜಿನಲ್ ಯುಟಿಲಿಟಿ ಅಂತ ಫಸ್ಟ್ ಸೆಮ್‌ನಲ್ಲಿ ಮಿಠಾಯಿ ಲೆಕ್ಕ ಹಾಕಿದ್ದು ನೆನಪಿದೆಯಾ? ಅದನ್ನ ಸೀಟಿಗೆ ಹಾಕಿ ನೋಡಿ. ಇಪ್ಪತ್ತು ವರ್ಷದವನಿಗೆ ಆ ಸೀಟು ಆರಾಮ. ಮಂಡಿ ನೋವಿರೋರಿಗೆ ಅದು ನಾಳೆ ಕೆಲಸಕ್ಕೆ ಹೋಗೋ ಶಕ್ತಿ.

(4/6)
ಮೂರನೇದು ನೋಡೋಕೆ ತುಂಬಾ ಒಳ್ಳೇದು: 'ಕೇಳಿದ್ರೆ ಕೊಡ್ತಿದ್ದೆ, ಅವರು ಕೇಳಲಿಲ್ಲ.'

ಇದಕ್ಕೆ ಉತ್ತರ ನ್ಯೂಯಾರ್ಕ್‌ನಲ್ಲಿದೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಅನ್ನೋ ಸೈಕಾಲಜಿ ಪ್ರೊಫೆಸರ್ ತಮ್ಮ ಸ್ಟೂಡೆಂಟ್ಸನ್ನ ಅಲ್ಲಿನ ಸಬ್‌ವೇ ರೈಲಿಗೆ ಕಳಿಸಿದ್ರು. ಕೆಲಸ ಇಷ್ಟೇ: ಕೂತಿರೋರ ಹತ್ರ ಹೋಗಿ, ಕಾರಣ ಏನೂ ಹೇಳದೆ, ನಿಮ್ಮ ಸೀಟ್ ಕೊಡ್ತೀರಾ ಅಂತ ಕೇಳಬೇಕು. ಒದೆ ಬೀಳುತ್ತೆ ಅಂದ್ಕೊಂಡ್ರಾ? ನೂರಕ್ಕೆ 68ರಷ್ಟು ಜನ ಎದ್ದು ಕೊಟ್ರು, ಇಲ್ಲಾ ಸರಿದು ಜಾಗ ಮಾಡಿದ್ರು. ಆದ್ರೆ ಜನ ಹೆಚ್ಚಾಗಿ ನೆನಪಿಟ್ಟುಕೊಂಡಿದ್ದು ಬೇರೆ ವಿಷಯ. ಕೇಳೋಕೆ ಹೋದ ಸ್ಟೂಡೆಂಟ್ಸಿಗೇ ಬಾಯಿ ಬರಲಿಲ್ಲ. ಪ್ರೊಫೆಸರ್ ತಾವೇ ಹೋದಾಗ ಅವರಿಗೂ ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡ್ತು. ಗಟ್ಟಿಮುಟ್ಟಾದವರಿಗೆ, ಪ್ರಯೋಗ ಅಂತ ಗೊತ್ತಿದ್ದವರಿಗೇ ಈ ಗತಿ.

ಈಗ ಹೇಳಿ, ದಿನಾ ನೆಲ ಒರೆಸೋ ಹೆಂಗಸು ಕಾಲೇಜ್ ಹುಡುಗರ ಗುಂಪಿಗೆ 'ಸ್ವಲ್ಪ ಎದ್ದೇಳಪ್ಪಾ' ಅಂತ ಕೇಳ್ತಾರಾ? ಹೊಟ್ಟೆ ಇನ್ನೂ ಕಾಣದ, ಆದ್ರೆ ವಾಕರಿಕೆ ಜಾಸ್ತಿ ಇರೋ ಮೊದಲ ಮೂರು ತಿಂಗಳ ಬಸುರಿ, ಅಷ್ಟು ಜನರ ಎದುರು ಬಾಯಿಬಿಟ್ಟು ಹೇಳ್ತಾರಾ? ಕೇಳೋ ಭಾರವನ್ನ ಕಷ್ಟದಲ್ಲಿರೋರ ಮೇಲೆ ಹಾಕಿ, 'ನಾನಂತೂ ರೆಡಿ ಇದ್ದೆ' ಅನ್ನೋದು ಒಳ್ಳೇತನ ಅಲ್ಲ, ಜಾಣತನ. ಕೂತವರು ತಲೆ ಎತ್ತಿ ನೋಡಬೇಕು. ಪ್ರತಿ ಸ್ಟಾಪಲ್ಲಿ ಒಂದು ಸಲ. ಅದಕ್ಕೆ ಎರಡು ಸೆಕೆಂಡ್ ಸಾಕು, ಸ್ಟೋರಿ ಎಲ್ಲೂ ಓಡಿಹೋಗಲ್ಲ.

(5/6)
ಇಲ್ಲಿವರೆಗೂ ಓದಿ ಚಪ್ಪಾಳೆ ಹೊಡೀತಿರೋ ಅಂಕಲ್ ಆಂಟಿಯರು ಯಾರಾದ್ರೂ ಇದ್ರೆ, ಈಗ ನಿಮ್ಮ ಸರದಿ. (ಅಕೌಂಟ್ ಪಬ್ಲಿಕ್ಕು, ನಮ್ಮ ದೊಡ್ಡಮ್ಮನೂ ನೋಡ್ತಾರೆ ಅಂತ ಗೊತ್ತು.)

ನಿಮ್ಮ ಸೀಟನ್ನ ನೀವು ಬಿಟ್ಟುಕೊಡಿ. ಬೇರೆಯವರ ಸೀಟನ್ನ ಬಿಡಿಸೋಕೆ ಹೋಗಬೇಡಿ. ತಾವು ಕೂತ್ಕೊಂಡೇ, ಎದುರು ಸೀಟಿನ ಹುಡುಗಿಗೆ 'ಈಗಿನ ಕಾಲದ ಮಕ್ಕಳಿಗೆ ಸಂಸ್ಕಾರ ಇಲ್ಲ' ಅಂತ ಇಡೀ ಬಸ್ಸಿಗೆ ಕೇಳೋ ಹಾಗೆ ಹೇಳೋರನ್ನ ನಾನು ಎಷ್ಟೋ ಸಲ ನೋಡಿದೀನಿ. ಆ ಹುಡುಗಿಗೆ ಏನಾಗಿದೆ ಅಂತ ನಿಮಗೆ ಗೊತ್ತಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ತಲಸ್ಸೇಮಿಯಾ, ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಲ್ಲಾ ಅದರಲ್ಲಿ ಸೇರಿವೆ. ಇವು ಯಾವುವೂ ಮುಖದ ಮೇಲೆ ಬರೆದಿರಲ್ಲ. ಕಾಯ್ದೆಗೆ ಸೇರದ ಪೀರಿಯಡ್ ನೋವನ್ನಂತೂ ಕೇಳೋರೇ ಇಲ್ಲ. ಹಾಗಾಗಿ ಏಳದೇ ಇರೋರ ವಿಡಿಯೋ ಮಾಡಿ 'ಎಕ್ಸ್‌ಪೋಸ್' ಮಾಡೋ ಫ್ರೆಂಡ್ಸ್, ನಿಮಗೂ ದೊಡ್ಡ ನಮಸ್ಕಾರ. ಅದು ನ್ಯಾಯ ಅಲ್ಲ, ವ್ಯೂಸ್. ಲೇಡೀಸ್ ಸೀಟಲ್ಲಿ ಗಂಡಸರು ಕೂತಿದ್ರೆ, ಹಿರಿಯರ ಸೀಟಲ್ಲಿ ಹುಡುಗರು ಕೂತಿದ್ರೆ ಕಂಡಕ್ಟರಿಗೆ ಹೇಳಿ, ಏಳಿಸೋದು ಅವರ ಕೆಲಸ.

ಹಾಂ, ಸೀಟು ಬಿಟ್ಟರೆ ಥ್ಯಾಂಕ್ಸ್ ಸಿಗುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ನೀವು ಎದ್ದು ಕೊಟ್ಟ ಸೀಟಲ್ಲಿ ಆಂಟಿ ತಾವು ಕೂರದೆ, 'ಬಾರೋ ಚಿನ್ನು' ಅಂತ ಹೈಸ್ಕೂಲ್ ಮಗನನ್ನ ಕೂರಿಸೋದೂ ಇದೆ. ಸಿಟ್ಟು ಬರುತ್ತೆ, ಬರಲಿ. ಆ ಒಬ್ಬ ಚಿನ್ನೂ ದೆಸೆಯಿಂದ ಮುಂದಿನ ಹತ್ತು ಜನರಿಗೆ ನಾವು ಕಣ್ಣು ಮುಚ್ಚಿಕೊಂಡ್ರೆ, ಅದು ಆಂಟಿ ಮೇಲಿನ ಸಿಟ್ಟಲ್ಲ, ನೆಪ.

(6/6)
ಈಗ ಕೆಲಸದ ಮಾತು. ಮುಂದಿನ ಟ್ರಿಪ್‌ಗೆ ಗ್ರೂಪಲ್ಲಿ ಆಗಲೇ 'ಬಸ್ ಬಂದ ತಕ್ಷಣ ಇಬ್ಬರು ಓಡಿ ಹೋಗಿ ಹತ್ತು ಸೀಟ್ ಹಿಡೀರಿ' ಅಂತ ಪ್ಲಾನ್ ಶುರುವಾಗಿದೆ. ನನ್ನ ಪ್ರಪೋಸಲ್ ಬೇರೆ. ಕರ್ಚೀಫ್, ಬ್ಯಾಗ್, ಟವೆಲ್ ಏನೂ ಎಸೆಯೋ ಹಾಗಿಲ್ಲ. ಹತ್ತಿದಾಗ ಖಾಲಿ ಇದ್ರೆ ಕೂರೋದು, ಯಾರಿಗಾದ್ರೂ ಬೇಕು ಅನ್ನಿಸಿದ್ರೆ ಏಳೋದು. ಎದ್ದವರಿಗೆ ಗ್ಯಾಂಗಲ್ಲಿ ಇನ್ನೊಬ್ಬರು ಅರ್ಧ ದಾರಿ ಸೀಟ್ ಬಿಡೋದು, ಆಗ ಯಾರೂ ಪೂರ್ತಿ ನಿಲ್ಲಬೇಕಾಗಲ್ಲ. ಅದೂ ಕಷ್ಟ ಅನ್ನೋರಿಗೆ, ಪರ್ಪಲ್ ಲೈನ್ ಮೆಟ್ರೋ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದ ತನಕ ಬಂದಿದೆ, ಮೈಸೂರು ರಸ್ತೆಯಲ್ಲೇ. ಬಿಡದಿಯಿಂದ ಅಲ್ಲಿವರೆಗೆ ನಿಂತು ಬನ್ನಿ. ಇಳಿದು ಮೆಟ್ರೋ ಹತ್ತಿ, ಅದು ಅಲ್ಲಿಂದಲೇ ಹೊರಡೋದು, ಸೀಟು ಸಿಗೋ ಚಾನ್ಸ್ ಜಾಸ್ತಿ. ಅಲ್ಲೂ ಪ್ರಯಾರಿಟಿ ಸೀಟು ಯಾವುದು ಅಂತ ನೋಡ್ಕೊಂಡು ಕೂರಿ.

ಬಯ್ಯೋರು ಕಾಮೆಂಟಲ್ಲೇ ಬಯ್ಯಿರಿ, ಡಿಎಂಗೆ ಬರಬೇಡಿ. ಗ್ರೂಪಲ್ಲಿ ಪೋಲ್ ಹಾಕಿದೀನಿ, ಗುರುವಾರದ ಒಳಗೆ ವೋಟ್ ಮಾಡಿ.