ಬಂಕ್ ಬದಲಿಸಿದರೆ ಕಡಲು ತಿಳಿಯಾದೀತೆ?

ಬಹಿಷ್ಕಾರವೆಂಬ ಪದಕ್ಕೆ ನಮ್ಮ ಸಮಾಜಗಳಲ್ಲಿ ಒಳ್ಳೆಯ ಹೆಸರಿಲ್ಲ. ಒಳಪಂಗಡದ ಎಲ್ಲೆ ದಾಟಿ ಮದುವೆಯಾದವರ, ವಿಧವೆಯ ಮರುವಿವಾಹಕ್ಕೆ ಮುಂದಾದವರ, ಪಂಚರ ಮಾತನ್ನು ಪ್ರಶ್ನಿಸಿದವರ ಕೊಡುಕೊಳ್ಳುವಿಕೆಯನ್ನೂ ನೆಂಟಸ್ತಿಕೆಯನ್ನೂ ಕಡಿದುಹಾಕುವ ಶಿಕ್ಷೆಯಾಗಿಯೇ ಅದು ನಮಗೆ ಪರಿಚಿತ. ಈ ಪಿಡುಗನ್ನು ತಡೆಯಲು ಮಹಾರಾಷ್ಟ್ರದ ಶಾಸನಸಭೆ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಆದರೆ ಇಂಗ್ಲಿಷಿನ ‘ಬಾಯ್ಕಾಟ್’ ಹುಟ್ಟಿದ್ದು ಇದಕ್ಕೆ ತದ್ವಿರುದ್ಧವಾದ ಸನ್ನಿವೇಶದಲ್ಲಿ. 1880ರಲ್ಲಿ ಐರ್ಲೆಂಡಿನ ಮೇಯೊ ಪ್ರಾಂತದ ಗೇಣಿದಾರರು ಜಮೀನ್ದಾರನ ಏಜೆಂಟನಾಗಿದ್ದ ಚಾರ್ಲ್ಸ್ ಬಾಯ್ಕಾಟ್ ಎಂಬವನ ಹೊಲಕ್ಕೆ ಹೋಗಲಿಲ್ಲ, ಅವನೊಡನೆ ವ್ಯವಹರಿಸಲಿಲ್ಲ. ಅಲ್ಲಿ ಬಲಹೀನರು ಬಲಿಷ್ಠನನ್ನು ಹೊರಗಿಟ್ಟರು. ಒಂದೇ ಆಯುಧ, ಹಿಡಿದ ಕೈ ಬೇರೆ, ತಿರುಗಿದ ದಿಕ್ಕು ಬೇರೆ.

ಸಮುದ್ರಕ್ಕೆ ಎಣ್ಣೆ ಚೆಲ್ಲಿದಾಗಲೆಲ್ಲ ಬಳಕೆದಾರರು ಈ ಎರಡನೆಯ ಬಗೆಯ ಬಹಿಷ್ಕಾರಕ್ಕೆ ಕೈಚಾಚುತ್ತಾರೆ. ‘ಆ ಕಂಪೆನಿಯ ಬಂಕಿನಲ್ಲಿ ಇನ್ನು ಪೆಟ್ರೋಲ್ ಹಾಕಿಸುವುದಿಲ್ಲ’ ಎಂಬ ಪ್ರತಿಜ್ಞೆ ಕೇಳಿಬರುತ್ತದೆ. ಆ ಪ್ರತಿಜ್ಞೆಯ ಹಿಂದಿನ ನೋವು ಪ್ರಾಮಾಣಿಕವಾದದ್ದು. ಅದರಿಂದ ಕಂಪೆನಿಗೆ ಪೆಟ್ಟು ಬೀಳುವುದೇ ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಎರಡನ್ನೂ ಒಂದೆಂದು ಭಾವಿಸಿದರೆ ನಮ್ಮ ಸಿಟ್ಟು ಸುಲಭವಾಗಿ ತಣಿಯುತ್ತದೆ, ಕಡಲು ಮಾತ್ರ ಮಲಿನವಾಗಿಯೇ ಉಳಿಯುತ್ತದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು 2010ರ ಮೆಕ್ಸಿಕೊ ಕೊಲ್ಲಿಯ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗದು. ಆ ವರ್ಷದ ಏಪ್ರಿಲ್ 20ರಂದು ಬಿಪಿ ಕಂಪೆನಿಯ ಮಕೊಂಡೊ ಬಾವಿಯನ್ನು ಕೊರೆಯುತ್ತಿದ್ದ ‘ಡೀಪ್‌ವಾಟರ್ ಹೊರೈಜನ್’ ರಿಗ್ ಸ್ಫೋಟಗೊಂಡಿತು. ಹನ್ನೊಂದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬಾವಿಯ ಬಾಯಿ ಮುಚ್ಚಲು 87 ದಿನಗಳು ಬೇಕಾದವು. ಅಷ್ಟರಲ್ಲಿ 31 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಕಡಲು ಸೇರಿತ್ತೆಂದು ನ್ಯಾಯಾಲಯ ಮುಂದೆ ನಿರ್ಣಯಿಸಿತು. ಅಮೆರಿಕದಾದ್ಯಂತ ಬಿಪಿ ಬಹಿಷ್ಕಾರದ ಕರೆ ಹಬ್ಬಿತು; ಅಂತರ್ಜಾಲದಲ್ಲಿ ಲಕ್ಷಾಂತರ ಜನ ಅದಕ್ಕೆ ದನಿಗೂಡಿಸಿದರು; ಬಂಕುಗಳ ಮುಂದೆ ಫಲಕ ಹಿಡಿದು ನಿಂತರು.

ಆ ಬಂಕುಗಳು ಯಾರವು? ಅಮೆರಿಕದಲ್ಲಿ ಬಿಪಿಯ ಹಸಿರು-ಹಳದಿ ಫಲಕ ಹೊತ್ತಿದ್ದ ಬಂಕುಗಳಲ್ಲಿ ಬಹುಪಾಲು ಸ್ವತಂತ್ರ ಡೀಲರುಗಳ ಸ್ವತ್ತು. ಕಂಪೆನಿಯ ಹೆಸರನ್ನು ಒಪ್ಪಂದದ ಮೇಲೆ ಪಡೆದು, ಸಾಲ ಮಾಡಿ ಅಂಗಡಿ ನಡೆಸುವ ಸಣ್ಣ ವ್ಯಾಪಾರಿಗಳವರು. ಗ್ರಾಹಕ ಎದುರಿನ ಬಂಕಿಗೆ ಹೋದಾಗ ಮೊದಲು ನಷ್ಟವಾಗುವುದು ಇವರಿಗೆ. ಕಡಲಾಳದಲ್ಲಿ ಸಿಮೆಂಟ್ ಸರಿಯಾಗಿ ಕೂಡಿತೇ ಎಂದು ನೋಡದೆ ಹೋದವರು ಇವರಲ್ಲ. ನೆರೆಯವನ ಅಪರಾಧಕ್ಕೆ ಅವನ ಬಾಡಿಗೆದಾರನನ್ನು ದಂಡಿಸಿದಂತಾಗುತ್ತದೆ ಇದು.

ಎರಡನೆಯ ತೊಡಕು ಸರಕಿನ ಸ್ವಭಾವದ್ದು. ಪೆಟ್ರೋಲು ಸೀರೆಯಂತೆಯೋ ಸಾಬೂನಿನಂತೆಯೋ ತಯಾರಕನ ಗುರುತು ಹೊತ್ತು ಬರುವುದಿಲ್ಲ. ಹಲವು ಕಂಪೆನಿಗಳ ತೈಲ ಒಂದೇ ಕೊಳವೆಮಾರ್ಗದಲ್ಲಿ ಹರಿದು, ಒಂದೇ ಟರ್ಮಿನಲ್ಲಿನ ತೊಟ್ಟಿಗಳಿಗೆ ಇಳಿಯುತ್ತದೆ. ಟ್ಯಾಂಕರ್ ತುಂಬುವಾಗ ಬೆರೆಸುವ ಅಲ್ಪ ಪ್ರಮಾಣದ ರಾಸಾಯನಿಕಗಳೇ ಬ್ರ್ಯಾಂಡುಗಳ ನಡುವಿನ ವ್ಯತ್ಯಾಸ. ನಮ್ಮಲ್ಲಿಯೂ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಕಂಪೆನಿಗಳು ಸಾಗಣೆಯ ವೆಚ್ಚ ಉಳಿಸಲು ಪರಸ್ಪರರ ಸಂಸ್ಕರಣಾಗಾರಗಳಿಂದ ಸರಕು ಎತ್ತುತ್ತವೆ. ಬಿಪಿಯ ಬಂಕನ್ನು ತೊರೆದು ಮತ್ತೊಂದು ಬಂಕಿಗೆ ಹೋದ ಗ್ರಾಹಕ ಅಲ್ಲಿಯೂ ಬಿಪಿ ಸಂಸ್ಕರಿಸಿದ ಪೆಟ್ರೋಲನ್ನೇ ಕೊಂಡಿರಬಹುದು. ಬಂಕಿನಲ್ಲಿ ಮಾರಾಟವಾಗದ ಕಚ್ಚಾತೈಲಕ್ಕೆ ವಿಶ್ವದ ಮಾರುಕಟ್ಟೆಯಲ್ಲಿ ಬೇರೆ ಗಿರಾಕಿಗಳು ಸಿದ್ಧರಿರುತ್ತಾರೆ.

ಹಾಗಾದರೆ ಗ್ರಾಹಕರ ಸಿಟ್ಟಿನಿಂದ ಏನೂ ಆಗಲಿಲ್ಲವೇ? ಆಯಿತು. ಸೋರಿಕೆಯ ಮರುತಿಂಗಳಲ್ಲಿ ಬಿಪಿ ಬಂಕುಗಳ ಮಾರಾಟ ಶೇಕಡಾ 4ರಷ್ಟು ಕುಸಿಯಿತೆಂದೂ ಲಾಭದ ಅಂತರವೂ ತಗ್ಗಿತೆಂದೂ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ತೋರಿಸಿದೆ. ಅದೇ ಅಧ್ಯಯನದ ಇನ್ನೊಂದು ಅಂಶ ಹೆಚ್ಚು ಯೋಚನೆಗೆ ಹಚ್ಚುವಂಥದ್ದು. 2000ದಿಂದ ಬಿಪಿ ‘ಪೆಟ್ರೋಲಿಯಮ್ಮಿನಾಚೆಗೆ’ ಎಂಬ ಘೋಷಣೆಯೊಡನೆ, ಹೂವಿನಂತಹ ಸೂರ್ಯನ ಲಾಂಛನದೊಡನೆ ಪರಿಸರಸ್ನೇಹಿಯೆಂಬ ಜಾಹೀರಾತಿಗೆ ಹಣ ಸುರಿದಿತ್ತು. ಆ ಜಾಹೀರಾತು ಹೆಚ್ಚಾಗಿ ತಲುಪಿದ್ದ ಊರುಗಳಲ್ಲಿ ಬಂಕುಗಳಿಗೆ ಬಿದ್ದ ಪೆಟ್ಟು ಕಡಿಮೆಯಾಗಿತ್ತು. ಸುರಕ್ಷತೆಗೆ ಖರ್ಚು ಮಾಡುವುದಕ್ಕೆ ಬದಲು ಹೆಸರಿಗೆ ಖರ್ಚು ಮಾಡಿದರೂ ಗ್ರಾಹಕನ ಕೋಪದಿಂದ ಪಾರಾಗಬಹುದೆಂದಾದರೆ, ಆ ಕೋಪ ಕಂಪೆನಿಗೆ ಕಲಿಸುವ ಪಾಠವಾದರೂ ಯಾವುದು?

ಇನ್ನೊಂದು ಮಾತು. ರಿಗ್ಗಿನ ಒಡೆತನ ಟ್ರಾನ್ಸ್‌ಓಷನ್ ಕಂಪೆನಿಯದಾಗಿತ್ತು. ಬಾವಿಗೆ ಸಿಮೆಂಟ್ ಹಾಕಿದ್ದು ಹ್ಯಾಲಿಬರ್ಟನ್. ದುರಂತದಲ್ಲಿ ಇವೆರಡರ ಪಾಲೂ ಇತ್ತೆಂದು ನ್ಯಾಯಾಲಯ ಹೇಳಿತು. ಆದರೆ ಇವುಗಳ ಹೆಸರಿನ ಬಂಕು ಯಾವ ರಸ್ತೆಯಲ್ಲಿಯೂ ಇಲ್ಲ. ಗ್ರಾಹಕನಿಗೆ ಏನನ್ನೂ ನೇರವಾಗಿ ಮಾರದವನನ್ನು ಗ್ರಾಹಕ ಬಹಿಷ್ಕರಿಸುವುದು ಹೇಗೆ? ಅದೇ 2010ರ ಆಗಸ್ಟ್‌ನಲ್ಲಿ ಮುಂಬಯಿ ಬಂದರಿನ ಬಳಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ-3 ಹಡಗುಗಳು ಡಿಕ್ಕಿಯಾಗಿ ಎಣ್ಣೆ ಚೆಲ್ಲಿದಾಗ ಮುಂಬಯಿಯ ನಾಗರಿಕನ ಮುಂದೆಯೂ ಇದೇ ಪ್ರಶ್ನೆಯಿತ್ತು. ಬಂಡವಾಳವಂತೂ ಯಾರನ್ನೂ ಬಹಿಷ್ಕರಿಸಲಿಲ್ಲ. ಸೋರಿಕೆಯಾಗಿ ವರ್ಷ ತುಂಬುವ ಮುನ್ನವೇ, 2011ರ ಫೆಬ್ರವರಿಯಲ್ಲಿ, ರಿಲಯನ್ಸ್ ತನ್ನ ತೈಲ-ಅನಿಲ ನಿಕ್ಷೇಪಗಳಲ್ಲಿ ಶೇಕಡಾ 30ರ ಪಾಲನ್ನು 720 ಕೋಟಿ ಡಾಲರಿಗೆ ಬಿಪಿಗೆ ನೀಡುವ ಒಪ್ಪಂದವನ್ನು ಪ್ರಕಟಿಸಿತು. ಇಂದು ನಮ್ಮ ಹೆದ್ದಾರಿಗಳಲ್ಲಿ ಕಾಣುವ ಜಿಯೊ-ಬಿಪಿ ಬಂಕುಗಳಲ್ಲಿರುವುದು ಅದೇ ಬಿಪಿಯ ಹೆಸರು. ಅಲ್ಲಿ ವಾಹನ ನಿಲ್ಲಿಸುವ ಎಷ್ಟು ಜನರಿಗೆ ಮಕೊಂಡೊ ಬಾವಿಯ ನೆನಪಿದೆ?

ಬಿಪಿಯನ್ನು ನಿಜವಾಗಿ ನೋಯಿಸಿದ್ದು ಕಾನೂನು. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಎಣ್ಣೆ ಚೆಲ್ಲಿದಾಗ ಸಾವಿರಾರು ಅಮೆರಿಕನ್ನರು ಎಕ್ಸಾನ್ ಕಂಪೆನಿಯ ಕ್ರೆಡಿಟ್ ಕಾರ್ಡುಗಳನ್ನು ಕತ್ತರಿಸಿ ಎಸೆದರು. ಕಂಪೆನಿ ಅದನ್ನು ಸಲೀಸಾಗಿ ದಾಟಿಕೊಂಡಿತು. ಉಳಿದುಕೊಂಡದ್ದು ಮರುವರ್ಷ ಅಮೆರಿಕದ ಸಂಸತ್ತು ತಂದ ತೈಲ ಮಾಲಿನ್ಯ ಕಾಯ್ದೆ. ತೈಲ ಸಾಗಿಸುವ ಹಡಗುಗಳಿಗೆ ಜೋಡಿ ಕವಚ ಇರಲೇಬೇಕೆಂದು ವಿಧಿಸಿದ್ದು ಆ ಕಾಯ್ದೆ. ಬಿಪಿಯ ಪ್ರಕರಣದಲ್ಲಿಯೂ ಅದೇ ಕಾಯ್ದೆಯೂ ಜಲಶುದ್ಧಿ ಕಾಯ್ದೆಯೂ ಕೆಲಸಕ್ಕೆ ಬಂದವು. 2012ರಲ್ಲಿ ಬಿಪಿ ಕಾರ್ಮಿಕರ ಸಾವಿಗೆ ಸಂಬಂಧಿಸಿದ ಆರೋಪಗಳೂ ಸೇರಿ 14 ಅಪರಾಧಗಳನ್ನು ಒಪ್ಪಿಕೊಂಡು 400 ಕೋಟಿ ಡಾಲರ್ ದಂಡ ತೆರಬೇಕಾಯಿತು. ಅಮೆರಿಕದ ಸರ್ಕಾರ ಬಿಪಿಗೆ ಹೊಸ ಗುತ್ತಿಗೆಗಳನ್ನು ನೀಡುವುದನ್ನು 2014ರವರೆಗೆ ನಿಲ್ಲಿಸಿತು. ದೊಡ್ಡ ಗಿರಾಕಿಯೊಬ್ಬ ನಡೆಸಿದ ನಿಜವಾದ ಬಹಿಷ್ಕಾರವೆಂದರೆ ಇದು. ಸರ್ಕಾರಗಳೊಡನೆ ಆದ ಒಪ್ಪಂದಕ್ಕೆ 2016ರಲ್ಲಿ ನ್ಯಾಯಾಲಯ ಮುದ್ರೆಯೊತ್ತಿದಾಗ ಅದರ ಮೊತ್ತ 2,000 ಕೋಟಿ ಡಾಲರನ್ನು ದಾಟಿತ್ತು. ಬಂಕಿನ ಶೇಕಡಾ 4ರ ಕುಸಿತ ಇದರ ಮುಂದೆ ಎಲ್ಲಿಯದು?

ಇಷ್ಟರಿಂದ ಬಹಿಷ್ಕಾರವೇ ವ್ಯರ್ಥವೆಂದು ತೀರ್ಮಾನಿಸುವುದೂ ಸರಿಯಲ್ಲ. 1995ರಲ್ಲಿ ಶೆಲ್ ಕಂಪೆನಿ ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ಸಂಗ್ರಹಾಗಾರವನ್ನು ಅಟ್ಲಾಂಟಿಕ್ ಸಾಗರದ ಆಳದಲ್ಲಿ ಮುಳುಗಿಸಲು ಹೊರಟಿತ್ತು. ಬ್ರಿಟಿಷ್ ಸರ್ಕಾರದ ಅನುಮತಿಯೂ ದೊರೆತಿತ್ತು. ಗ್ರೀನ್‌ಪೀಸ್ ಕಾರ್ಯಕರ್ತರು ಅದನ್ನೇರಿ ಕುಳಿತರು. ಜರ್ಮನಿಯ ಗ್ರಾಹಕರು ಶೆಲ್ ಬಂಕುಗಳಿಂದ ದೂರ ಸರಿದರು. ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್ ವಿಷಯವನ್ನು ಬ್ರಿಟನ್ನಿನ ಪ್ರಧಾನಿಯ ಮುಂದಿಟ್ಟರು. ಜೂನ್ 20ರಂದು ಶೆಲ್ ತನ್ನ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ಗೆಲುವು ಸಿಕ್ಕಿದ್ದೇಕೆ? ಬೇಡಿಕೆ ಒಂದೇ ಆಗಿತ್ತು. ಕಂಪೆನಿ ತಿದ್ದಿಕೊಳ್ಳಬಹುದಾದ, ಇನ್ನೂ ಘಟಿಸದ ಕೃತ್ಯದ ಬಗ್ಗೆ ಆ ಬೇಡಿಕೆಯಿತ್ತು. ಜನರ ಸಿಟ್ಟಿನ ಬೆನ್ನಿಗೆ ರಾಜಕೀಯ ಒತ್ತಡ ನಿಂತಿತ್ತು. ಸೋರಿಕೆಯಾದ ಮೇಲಿನ ಬಹಿಷ್ಕಾರದಲ್ಲಿ ಇವುಗಳಲ್ಲಿ ಮೊದಲೆರಡು ಸಾಮಾನ್ಯವಾಗಿ ಇರುವುದಿಲ್ಲ. ಚೆಲ್ಲಿದ ಎಣ್ಣೆಯನ್ನು ಹಿಂದಕ್ಕೆ ಪಡೆಯಲಾಗದು; ‘ಏನು ಮಾಡಿದರೆ ನೀವು ಮರಳಿ ಬರುತ್ತೀರಿ?’ ಎಂಬ ಪ್ರಶ್ನೆಗೆ ಬಹಿಷ್ಕರಿಸಿದವರ ಬಳಿ ಉತ್ತರವೂ ಇರುವುದಿಲ್ಲ. ಬ್ರೆಂಟ್ ಸ್ಪಾರ್ ಪ್ರಕರಣ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. ಅದರಲ್ಲಿ ಉಳಿದಿದ್ದ ಎಣ್ಣೆಯ ಪ್ರಮಾಣವನ್ನು ವಿಪರೀತವಾಗಿ ಹೆಚ್ಚಿಸಿ ಹೇಳಿದ್ದಕ್ಕೆ ಗ್ರೀನ್‌ಪೀಸ್ ಆಮೇಲೆ ಕ್ಷಮೆ ಕೇಳಬೇಕಾಯಿತು. ಸತ್ಯವನ್ನು ಬಿಟ್ಟು ನಡೆಸುವ ಹೋರಾಟ ಗೆದ್ದರೂ ಕುಂದುತ್ತದೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆನೀರಿನೊಡನೆ ಎಣ್ಣೆ ಚೆನ್ನೈನ ಎಣ್ಣೂರು ಅಳಿವೆಗೆ ಹರಿಯಿತು. ಮೀನುಗಾರರ ದೋಣಿ, ಬಲೆ, ಮನೆಯ ಗೋಡೆಗಳೆಲ್ಲ ಕಪ್ಪಾದವು. ಮಣಲಿಯ ಚೆನ್ನೈ ಪೆಟ್ರೋಲಿಯಂ ಸಂಸ್ಕರಣಾಗಾರದತ್ತ ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಬೊಟ್ಟುಮಾಡಿತು. ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ವಿಚಾರಣೆಗೆ ತೊಡಗಿತು. ಆ ಕಂಪೆನಿ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆ. ಇಂಡಿಯನ್ ಆಯಿಲ್‌ನ ದೊಡ್ಡ ಪಾಲುದಾರ ಭಾರತ ಸರ್ಕಾರ. ಹಾಗಿರುವಾಗ ಚೆನ್ನೈನ ಕನ್ನಡಿಗನೊಬ್ಬ ಇಂಡಿಯನ್ ಆಯಿಲ್ ಬಂಕನ್ನು ಬಿಟ್ಟು ಹಿಂದೂಸ್ತಾನ್ ಪೆಟ್ರೋಲಿಯಂ ಬಂಕಿಗೆ ಹೋದರೆ ಅದೇ ಯಜಮಾನನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋದಂತೆ. ಇಲ್ಲಿ ಅವನು ಗ್ರಾಹಕನಷ್ಟೇ ಅಲ್ಲ, ಪ್ರಜೆಯಾಗಿ ಆ ಕಂಪೆನಿಯ ಒಡೆಯನೂ ಹೌದು. ಒಡೆಯನಾದವನು ತನ್ನ ಅಂಗಡಿಯನ್ನು ಬಹಿಷ್ಕರಿಸುವುದಿಲ್ಲ, ಲೆಕ್ಕ ಕೇಳುತ್ತಾನೆ.

ಲೆಕ್ಕ ಕೇಳುವುದರ ಫಲ ಮುಂಬಯಿಗೆ ಗೊತ್ತಿದೆ. 2011ರ ಆಗಸ್ಟ್‌ನಲ್ಲಿ ಕಲ್ಲಿದ್ದಲು ಹೊತ್ತಿದ್ದ ‘ರಾಕ್ ಕ್ಯಾರಿಯರ್’ ಹಡಗು ಮುಂಬಯಿ ಕರಾವಳಿಯಾಚೆ ಮುಳುಗಿ ಎಣ್ಣೆ ಸೋರಿತು. ನಗರದ ಪರಿಸರಾಸಕ್ತರೊಬ್ಬರು ಹಸಿರು ನ್ಯಾಯಮಂಡಳಿಯ ಮೊರೆಹೋದರು. 2016ರಲ್ಲಿ ಮಂಡಳಿ ಹಡಗಿನ ಕಡೆಯವರು 100 ಕೋಟಿ ರೂಪಾಯಿಯನ್ನೂ ಕಲ್ಲಿದ್ದಲಿನ ಒಡೆಯರಾದ ಅದಾನಿ ಎಂಟರ್‌ಪ್ರೈಸಸ್ 5 ಕೋಟಿ ರೂಪಾಯಿಯನ್ನೂ ಪರಿಹಾರವಾಗಿ ನೀಡಬೇಕೆಂದು ಆದೇಶಿಸಿತು. ಒಬ್ಬ ನಾಗರಿಕನ ಒಂದು ಅರ್ಜಿ ತಲುಪಿದ ಎತ್ತರವನ್ನು ಸಾವಿರ ವಾಹನಗಳು ಬಂಕ್ ಬದಲಿಸಿದರೂ ಮುಟ್ಟಲಾರವು.

ನಮ್ಮ ಪರಂಪರೆ ಹಿಂಸೆಯ ಹೊಣೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸುತ್ತದೆ. ಪ್ರಮಾದವನ್ನು ಹಿಂಸೆಯ ಮೂಲವೆಂದು ಕಾಣುತ್ತದೆ. ಬಾವಿ ಸಿಡಿದದ್ದು ಕಂಪೆನಿಯ ಪ್ರಮಾದದಿಂದ. ಆದರೆ ಅಷ್ಟು ಆಳದಲ್ಲಿ ಬಾವಿ ತೋಡಿಸಿದ್ದು ನಮ್ಮೆಲ್ಲರ ಬಳಕೆ. ಬಂಕ್ ಬದಲಿಸಿದವನು ‘ನಾನು ಅನುಮೋದಿಸಲಿಲ್ಲ’ ಎಂದಾನು. ‘ನಾನು ಮಾಡಿಸಲಿಲ್ಲ’ ಎನ್ನಲಾರ. ಭೋಗೋಪಭೋಗಕ್ಕೆ ಪರಿಮಾಣ ಹಾಕಿಕೊಳ್ಳುವ ವ್ರತ ಬಹಿಷ್ಕಾರಕ್ಕಿಂತ ಕಠಿಣವಾಗಿರುವುದು ಇಲ್ಲಿಯೇ. ಅದು ಕಂಪೆನಿಯ ಹೆಸರನ್ನು ನೋಡುವುದಿಲ್ಲ, ನಮ್ಮ ಲೀಟರುಗಳನ್ನು ಎಣಿಸುತ್ತದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಮನೆಗೆ ಎರಡು ಕಾರುಗಳನ್ನು ಇಟ್ಟುಕೊಂಡು ನಡೆಸುವ ತೈಲ ಬಹಿಷ್ಕಾರಕ್ಕಿಂತ ಲೋಕಲ್ ರೈಲಿನ, ಮೆಟ್ರೊದ ಒಂದು ಪಾಸು ಹೆಚ್ಚು ಪ್ರಾಮಾಣಿಕವಾದ ಪ್ರತಿಭಟನೆ.

ಆದುದರಿಂದ ಈ ಪತ್ರಿಕೆಯ ನಿಲುವು ಇದು. ಸೋರಿಕೆಯಾದ ಮೇಲೆ ಬಂಕ್ ಬದಲಿಸಬೇಕೆನಿಸಿದವರು ಬದಲಿಸಲಿ. ಅದು ಮನಸ್ಸಾಕ್ಷಿಯ ವಿಷಯ. ಆದರೆ ಅದನ್ನೇ ಹೋರಾಟವೆಂದು ಕರೆಯದಿರೋಣ. ಬಹಿಷ್ಕಾರಕ್ಕೆ ಕರೆಕೊಡುವವರು ಸ್ಪಷ್ಟವಾದ ಒಂದು ಬೇಡಿಕೆಯನ್ನು ಮುಂದಿಡಲಿ, ಅದು ಈಡೇರಿದ ದಿನ ಕರೆಯನ್ನು ಹಿಂದೆಗೆದುಕೊಳ್ಳಲಿ. ಷೇರುಪೇಟೆಯಲ್ಲಿ ಹಣ ಹೂಡಿದ ನಮ್ಮವರು ಕಡಿಮೆಯಿಲ್ಲ. ಮುಂಚೂಣಿಯ ಸಾವಿರ ಕಂಪೆನಿಗಳು ಪರಿಸರ ಹೊಣೆಗಾರಿಕೆಯ ವರದಿಯನ್ನು ಸಲ್ಲಿಸಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಲಾಭಾಂಶದ ಪುಟದ ಜೊತೆಗೆ ಆ ಪುಟವನ್ನೂ ಓದಿ, ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಎತ್ತುವುದು ಷೇರುದಾರನ ಹಕ್ಕು. ಸೋರಿಕೆಯ ನಷ್ಟವನ್ನು ಮೀನುಗಾರರಿಗೆ ಕಾಲಮಿತಿಯೊಳಗೆ ತುಂಬಿಕೊಡುವ ಬಿಗಿಯಾದ ಕಾನೂನನ್ನು ನಮ್ಮ ಜನಪ್ರತಿನಿಧಿಗಳಿಂದ ಕೇಳುವುದು ಮತದಾರನ ಹಕ್ಕು.

ಎಣ್ಣೂರಿನ ಮೀನುಗಾರನಿಗೆ ನಾವು ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆವು ಎಂಬುದರಿಂದ ಆಗಬೇಕಾದದ್ದು ಏನೂ ಇಲ್ಲ. ಅವನಿಗೆ ಬೇಕಾದದ್ದು ಹಾಳಾದ ಬಲೆಯ ಬೆಲೆ, ಕಳೆದುಹೋದ ದುಡಿಮೆಯ ಕೂಲಿ, ಮತ್ತೆ ಮೀನು ಬರುವ ನೀರು. ಆ ಮೂರನ್ನು ಅವನಿಗೆ ಕೊಡಿಸಬಲ್ಲದ್ದು ನಮ್ಮ ಪರ್ಸಿಗಿಂತ ಹೆಚ್ಚಾಗಿ ನಮ್ಮ ಮತ ಮತ್ತು ನಮ್ಮ ದನಿ.